ಚಾರ್ಟಿಗಿಂತ ಒಂದು ಲೋಟ ನೀರು

ಸಭೆಯಲ್ಲಿ ಮಾತಾಡುವಾಗ ತೋರಿಸುವ ಸ್ಲೈಡ್‌ನಲ್ಲಿ ಅಕ್ಷರ ಕಡಿಮೆ ಇರಲಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಸರಿಯಾದ ಮಾತು. ಆದರೆ ಸ್ಲೈಡೇ ಬೇಡದ ಜಾಗಗಳೂ ಇವೆ ಅಲ್ವಾ? 1986ರ ಜನವರಿಯಲ್ಲಿ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಜನ ತೀರಿಕೊಂಡರು. ತನಿಖಾ ಆಯೋಗದ ಸಭೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್, ರಾಕೆಟ್‌ನ ಸಂದು ಮುಚ್ಚುವ ರಬ್ಬರ್ ಉಂಗುರದ ತುಂಡನ್ನು ಕ್ಲ್ಯಾಂಪಿನಲ್ಲಿ ಒತ್ತಿ ಹಿಡಿದು ಐಸ್ ನೀರಿನ ಲೋಟಕ್ಕೆ ಅದ್ದಿದರು. ತೆಗೆದು ಕ್ಲ್ಯಾಂಪ್ ಸಡಿಲಿಸಿದರೆ ರಬ್ಬರ್ ತಕ್ಷಣ ಮೊದಲಿನ ಆಕಾರಕ್ಕೆ ಬರಲಿಲ್ಲ. ಉಡಾವಣೆಯ ದಿನ ಚಳಿ ಜಾಸ್ತಿ ಇತ್ತು, ಉಂಗುರ ಸಂದನ್ನು ಸರಿಯಾಗಿ ಮುಚ್ಚಲಿಲ್ಲ. ಇನ್ನೇನು ವಿವರಿಸಬೇಕು?

ನಾನು ರೈತರ ಸಭೆಗಳಲ್ಲಿ ಮಣ್ಣಿನ ಬಗ್ಗೆ ಮಾತಾಡುತ್ತೇನೆ. ಮೊದಲು ಚಾರ್ಟ್ ತೂಗುಹಾಕುತ್ತಿದ್ದೆ, ಹಿಂದೆ ಕೂತವರಿಗೆ ಕಾಣುತ್ತಲೇ ಇರಲಿಲ್ಲ. ಈಗ ಎರಡು ಗಾಜಿನ ಲೋಟ, ಎರಡು ಒಣಗಿದ ಹೆಂಟೆ, ಅಷ್ಟೇ. ಕೊಟ್ಟಿಗೆ ಗೊಬ್ಬರ ಕಾಣದೆ, ಮತ್ತೆ ಮತ್ತೆ ಉಳುಮೆ ಮಾಡಿದ ಹೊಲದ ಹೆಂಟೆ ನೀರಲ್ಲಿ ಪುಡಿಯಾಗಿ ಲೋಟವೆಲ್ಲ ರಾಡಿಯಾಗುತ್ತದೆ. ಹುಲ್ಲು ಬೆಳೆದ ಬದುವಿನದ್ದು ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ಆಗ ನಾನು ಸುಮ್ನೆ ಇರುತ್ತೇನೆ. ಜನ ತಾವಾಗೇ ಎದ್ದು ಬಂದು ಬಗ್ಗಿ ನೋಡುತ್ತಾರೆ. ಎಲ್ಲರೂ ನೋಡಿದ ಮೇಲೆ ಲೋಟ ಮೇಜಿನ ಕೆಳಗಿಟ್ಟು ಮಾತು ಶುರು ಮಾಡುತ್ತೇನೆ. ಎದುರಿಗೇ ಇದ್ದರೆ ಕಣ್ಣೆಲ್ಲ ಅಲ್ಲೇ ಇರುತ್ತದೆ, ಮಾತು ಯಾರಿಗೂ ಕೇಳುವುದಿಲ್ಲ.