ಕುಮಟಾದ ಕೊಂಬು ಎಲ್ಲಿ ಹೋಯ್ತು?

"ಸುಮ್ನೆ ಫೈಲುಗಳಿಗೆ ಇಂಗ್ಲಿಷಿನಲ್ಲಿ ಹೆಸರು ಇಟ್ಟಿದ್ದರೆ ಆಗ್ತಿತ್ತಲ್ಲ ಮಾರಾಯಾ?" ಈ ಮಾತನ್ನು ಇನ್ನೊಬ್ಬರು ನನ್ನ ಹತ್ತಿರ ಆಡಿದರೆ ಜಗಳಕ್ಕೇ ನಿಲ್ಲುತ್ತೇನೆ. ಈಗಲೇ ಹೇಳಿಬಿಟ್ಟಿದ್ದೇನೆ.

ನಮ್ಮ ಕಡೆ ತಾಳಮದ್ದಲೆಯ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಹಳೇ ಕ್ಯಾಸೆಟ್ಟುಗಳು ಎಷ್ಟೋ ಮನೆಗಳಲ್ಲಿವೆ. ಯಾರದೋ ಅಂಗಳದಲ್ಲಿ ಆದ ಕೂಟ, ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದು. ಬೂಷ್ಟು ಹಿಡಿದು ಹಾಳಾಗುವ ಮೊದಲೇ ಕಂಪ್ಯೂಟರಿಗೆ ಇಳಿಸೋಣ ಅಂತ ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಒಂದಷ್ಟು ಜನ ಹೊರಟೆವು. ಕಲಾವಿದರನ್ನೂ ಮನೆಯವರನ್ನೂ ಕೇಳಿಯೇ ಹೊರಟಿದ್ದು. ವೇವ್ ಫೈಲು (ಕುಗ್ಗಿಸದೆ ಇಟ್ಟ ಧ್ವನಿ) ಗಂಟೆಗೆ ಸುಮಾರು 600 ಎಂಬಿ. ರಾತ್ರಿಯಿಡೀ ನಡೆದ ಕೂಟ ಅಂದರೆ ಮೂರು-ನಾಲ್ಕು ಜಿಬಿ. ವಾಟ್ಸಾಪಿನಲ್ಲಿ 2 ಜಿಬಿ ದಾಟಿದರೆ ಹೋಗುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್ಟೂ ಇರುವುದಿಲ್ಲ. ಟೊರೆಂಟ್ (ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ನೇರ ಫೈಲು ಹಂಚುವ ವಿಧಾನ) ಆದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಯಾರ ಕಂಪ್ಯೂಟರ್ ಆನ್ ಇದೆಯೋ ಅವರ ಕಡೆಯಿಂದ ತುಂಡು ತುಂಡಾಗಿ ಬರುತ್ತದೆ. ಪ್ರತಿ ತುಂಡನ್ನೂ ಅದೇ ಲೆಕ್ಕ ಹಾಕಿ ಪರೀಕ್ಷೆ ಮಾಡಿಕೊಳ್ಳುತ್ತದೆ, ಹಾಗಾಗಿ ಧ್ವನಿ ಕೆಡುವ ಭಯ ಇಲ್ಲ.

ಧ್ವನಿ ಕೆಡಲಿಲ್ಲ. ಹೆಸರು ಕೆಟ್ಟಿತು.

ನಾನು ಪ್ರತಿ ಫೈಲಿಗೂ ಊರು, ವರ್ಷ, ಭಾಗವತರು (ಹಾಡುವವರು), ಮದ್ದಲೆ, ಅರ್ಥಧಾರಿಗಳು (ಪಾತ್ರಗಳಾಗಿ ಮಾತಾಡುವವರು) ಅಂತ ಕನ್ನಡದಲ್ಲಿ ಹೆಸರು ಇಟ್ಟಿದ್ದೆ. ಟೊರೆಂಟ್ ಸರಿಯಾಗಿಯೇ ಆಗಿತ್ತು, ನಾಲ್ಕು ಜನ ಇಳಿಸಿಕೊಂಡು ಕೇಳಿದರು. ಆಮೇಲೆ ಕಾರವಾರದ ಒಬ್ಬರು, ಯಾವ ಕಾಲದ್ದೋ ಒಂದು ಟೊರೆಂಟ್ ಪ್ರೋಗ್ರಾಮಿನಲ್ಲಿ ಇಳಿಸಿದರು. ಅಲ್ಲಿ ಹೆಸರೆಲ್ಲ ಕಸವಾಗಿ ಬಂತು. ತಲೆಯ ಮೇಲೆ ಓರೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಪುಟ್ಟ 2, ಮತ್ತೆ ಎ, ಪುಟ್ಟ 3, ನಡುವೆ ಏನೇನೋ ಚುಕ್ಕಿ ಗೀಟು. ಅಲ್ಲಿಗೇ ನಿಲ್ಲಿಸಿ ಒಂದು ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಆ ಕಸದ ಹೆಸರಿನ ಫೋಲ್ಡರಿನಿಂದಲೇ ಹೊಸ ಟೊರೆಂಟ್ ಮಾಡಿ, "ಎಲ್ಲರಿಗೂ ಅನುಕೂಲ ಆಗಲಿ" ಅಂತ ಹಂಚಿಬಿಟ್ಟರು! ಈಗ ಊರೆಲ್ಲ ಅದೇ ಓಡಾಡುತ್ತಿದೆ.

ಕಂಪ್ಯೂಟರ್ ಅಂಗಡಿಯವನು ವೈರಸ್ ಅಂದ, ಫಾರ್ಮ್ಯಾಟ್ ಮಾಡಿ ಅಂದ. ಭಾವ ಫೋನ್ ಮಾಡಿ, "ಫಾಂಟ್ ಹಾಕಿಕೊಂಡರೆ ಸರಿಹೋಗ್ತದೆ" ಅಂದ. ಫಾಂಟ್ ಇಲ್ಲದಿದ್ದರೆ ಖಾಲಿ ಚೌಕ ಕಾಣುತ್ತದೆ ಭಾವಾ, ಎ ಮತ್ತು 2 ಅಲ್ಲ. ಆಗಿದ್ದೇ ಬೇರೆ. ಯುಟಿಎಫ್-8 ಅಂದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಖ್ಯೆಯಾಗಿ ಬರೆದಿಡುವ ಒಂದು ಕ್ರಮ. ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟು (ಬೈಟು ಅಂದರೆ ಒಂದು ಪುಟ್ಟ ಸಂಖ್ಯೆ). ಆ ಹಳೇ ಪ್ರೋಗ್ರಾಂ ಅದನ್ನು ವಿಂಡೋಸ್-1252 ಅನ್ನುವ ಪಟ್ಟಿ ಹಿಡಿದು ಓದುತ್ತದೆ. ಅದು ಪಶ್ಚಿಮ ಯುರೋಪಿನ ಭಾಷೆಗಳಿಗೆ ಮಾಡಿದ ಪಟ್ಟಿ, ಅಲ್ಲಿ ಒಂದು ಬೈಟಿಗೆ ಒಂದು ಅಕ್ಷರ. ಹೀಗೆ ನಮ್ಮ ಒಂದು ಅಕ್ಷರ ಮೂರು ಕಸವಾಗುತ್ತದೆ. ಕ, ಮ, ರ ಇದ್ದಲ್ಲಿ ಪುಟ್ಟ 2 ಬರುತ್ತದೆ. ೀ, ು, ೆ, ್ ಇದ್ದಲ್ಲಿ ಪುಟ್ಟ 3.

ಇಷ್ಟೇ ಆಗಿದ್ದರೆ ಕಸವನ್ನು ತಿರುಗಿಸಿ ಓದಿ ಕನ್ನಡ ಮಾಡಬಹುದಿತ್ತು. ನನ್ನ ಹೊಟ್ಟೆ ಉರಿಯುವುದು ಮುಂದಿನದಕ್ಕೆ. ಆ 1252 ಪಟ್ಟಿಯಲ್ಲಿ ಐದು ಜಾಗ ಖಾಲಿ ಇವೆ. ಅದರಲ್ಲಿ ಎರಡು ಬೀಳುವುದು ಸರಿಯಾಗಿ ನಮ್ಮ ಕೊಂಬು ು ಮತ್ತು ಹಲಂತ ್ ಇವುಗಳ ಕೊನೇ ಬೈಟಿನ ಮೇಲೆ! ಖಾಲಿ ಜಾಗದಲ್ಲಿ ಬಂದ ಬೈಟನ್ನು ಆ ಮಹಾನ್ ಪ್ರೋಗ್ರಾಂ ಹೆಸರಿನಿಂದ ಕಿತ್ತು ಎಸೆದಿದೆ. ಅಂದರೆ ಶಿರಸಿ ಉಳಿಯಿತು, ಕಾರವಾರ ಉಳಿಯಿತು. ಕುಮಟಾದ ಕೊಂಬು ಹೋಯಿತು. ಹೊನ್ನಾವರದ ಒತ್ತು ಹೋಯಿತು. ಸಿದ್ದಾಪುರಕ್ಕೆ ಎರಡೂ ಕಡೆ ಪೆಟ್ಟು. ಹೆಗಡೆ ಅಂತ ಇದ್ದವರೆಲ್ಲ ಇಡಿಯಾಗಿ ತಿರುಗಿ ಬಂದರು, ಭಟ್ಟ ಅಂತ ಇದ್ದವರು ಬರಲಿಲ್ಲ. (ಇದನ್ನು ನಮ್ಮೂರಲ್ಲಿ ಹೇಳಿದರೆ ಇನ್ನೊಂದು ತಾಳಮದ್ದಲೆ ಶುರುವಾಗುತ್ತದೆ.) ಪುಟ್ಟ 3 ಆದಮೇಲೆ ಏನೂ ಇಲ್ಲದಿದ್ದರೆ ಅಲ್ಲಿದ್ದದ್ದು ಕೊಂಬು ಅಥವಾ ಹಲಂತ ಅಂತ ಗೊತ್ತು. ಎರಡರಲ್ಲಿ ಯಾವುದು ಅಂತ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ನಾನೇ ಕೂತು ಒಂದೊಂದನ್ನೂ ನೋಡಬೇಕು. ನನ್ನ ಹತ್ತಿರ ಮೂಲ ಪಟ್ಟಿ ಇರುವ ಫೈಲುಗಳು ಬದುಕಿದವು. ಕಾರವಾರದವರು ತಮ್ಮದೂ ಅಂತ ಸೇರಿಸಿದ ಇನ್ನಷ್ಟು ಕೂಟಗಳ ಗತಿ ಏನು?

ಇದು ಸಾಲದು ಅಂತ ಫೋನಿನವರ ಗೋಳು ಬೇರೆ. ಲಿನಕ್ಸಿನಲ್ಲಿ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ಫೈಲಿನ ಹೆಸರಿಗೆ 255 ಬೈಟು ಮಿತಿ. ಕನ್ನಡದಲ್ಲಿ ಅಂದರೆ 85 ಅಕ್ಷರ-ಚಿಹ್ನೆ. ಅರ್ಥಧಾರಿಗಳಲ್ಲಿ ಒಬ್ಬರನ್ನು ಬಿಟ್ಟರೂ ಬೇಜಾರು ಮಾಡಿಕೊಳ್ಳುತ್ತಾರೆ, ಆದರೂ ನಾನು ಲೆಕ್ಕ ಹಾಕಿ ಅಷ್ಟರಲ್ಲೇ ಮುಗಿಸಿದ್ದೆ. ಕಸವಾದ ಹೆಸರನ್ನು ಮತ್ತೆ ಯುಟಿಎಫ್-8ರಲ್ಲಿ ಬರೆದರೆ ಮೂರು ಬೈಟು ಇದ್ದದ್ದು ಆರೇಳು ಆಗುತ್ತದೆ. ಫೋನು "ಹೆಸರು ಉದ್ದ ಆಯಿತು" ಅಂತ ಫೈಲನ್ನೇ ಬರೆಯುವುದಿಲ್ಲ. ಬೈಗುಳ ಮಾತ್ರ ನನಗೆ.

"ಆ ಟೊರೆಂಟಿನಲ್ಲೇ ಹೆಸರು ತಿದ್ದಿಬಿಡಿ" ಅಂತಲೂ ಒಬ್ಬರು ಹೇಳಿದರು. ಆಗುವುದಿಲ್ಲ ಸ್ವಾಮಿ. ಫೈಲಿನ ಹೆಸರು ಟೊರೆಂಟಿನ ಮಾಹಿತಿ ಭಾಗದ ಒಳಗೇ ಇದೆ. ಆ ಭಾಗದ ಹ್ಯಾಶೇ (ಅದರಲ್ಲಿರುವುದನ್ನೆಲ್ಲ ಲೆಕ್ಕ ಹಾಕಿ ತೆಗೆದ ಸಂಖ್ಯೆ) ಟೊರೆಂಟಿನ ಗುರುತು. ಒಂದು ಕೊಂಬು ಸೇರಿಸಿದರೂ ಗುರುತು ಬದಲು, ಅದು ಬೇರೆಯದೇ ಟೊರೆಂಟ್. ಹಳೆಯದನ್ನು ಹಂಚುತ್ತಿರುವ ಒಬ್ಬರೂ ಹೊಸದಕ್ಕೆ ತಾವಾಗಿ ಬರುವುದಿಲ್ಲ.

ಈಗ ಇಂಗ್ಲಿಷ್ ಪಂಡಿತರಿಗೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕನ್ನಡ ಬಂದದ್ದು 1991ರಲ್ಲಿ. ಬಿಟ್‌ಟೊರೆಂಟ್ ಬಂದದ್ದು 2001ರಲ್ಲಿ. ಹೆಸರುಗಳನ್ನು ಯುಟಿಎಫ್-8ರಲ್ಲೇ ಬರೆಯಬೇಕು ಅಂತ ಅದರ ನಿಯಮದಲ್ಲೇ ಇದೆ. ನಿಯಮ ಪಾಲಿಸಿದವನು ನಾನು. ಪಾಲಿಸದ ಪ್ರೋಗ್ರಾಮಿಗೆ ಯಾರೂ ಒಂದು ಮಾತೂ ಹೇಳುವುದಿಲ್ಲ, ನನಗೆ ಬುದ್ಧಿ ಹೇಳಲು ಎಲ್ಲರೂ ರೆಡಿ. ಇಂಗ್ಲಿಷಿನಲ್ಲಿ ಬರೆದರೆ ಹೆಗಡೆಯನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಕಾರವಾರಕ್ಕೆ ಒಬ್ಬರು ಡಬ್ಲ್ಯೂ, ಇನ್ನೊಬ್ಬರು ವಿ. ಹುಡುಕಿದರೆ ಅರ್ಧ ಸಿಗುತ್ತದೆ, ಅರ್ಧ ಇಲ್ಲ. ಯಾರು ಅರ್ಥ ಹೇಳಿದ್ದಾರೆ ಅಂತ ಹುಡುಕಲಿಕ್ಕೇ ಈ ಸಂಗ್ರಹ ಮಾಡಿದ್ದು, ಅಲ್ವಾ?

ಸರಿಯಾದ ಹೆಸರಿನ ಟೊರೆಂಟನ್ನು ಮತ್ತೆ ಮಾಡಿದ್ದೇನೆ. ಕಸದ್ದು ಇರುವವರು ಅದನ್ನು ಹಂಚುವುದನ್ನು ಇವತ್ತೇ ನಿಲ್ಲಿಸಿ. ಆದರೆ ಫೈಲು ಅಳಿಸಬೇಡಿ. ನನ್ನ ಮೂಲ ಪಟ್ಟಿ ನೋಡಿ ಹೆಸರು ತಿದ್ದಿ, ಹೊಸ ಟೊರೆಂಟಿಗೆ ಅದೇ ಫೋಲ್ಡರ್ ತೋರಿಸಿ, ರೀಚೆಕ್ (ಮರುಪರೀಕ್ಷೆ) ಒತ್ತಿ. ಒಳಗಿನ ಧ್ವನಿ ಅದೇ ಆದ್ದರಿಂದ ಮತ್ತೆ ಇಳಿಸುವ ಕೆಲಸ ಇಲ್ಲ. ಆ ಹಳೇ ಪ್ರೋಗ್ರಾಮನ್ನು ಬಿಡಲಾರೆ ಅನ್ನುವವರು ಒಂದು ಪೆನ್‌ಡ್ರೈವ್ ಹಿಡಿದು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬನ್ನಿ, ಎಲ್ಲ ಕಾಪಿ ಮಾಡಿ ಕೊಡುತ್ತೇನೆ. ಊಟವನ್ನೂ ಹಾಕುತ್ತೇನೆ. ಮನೆಗೆ ಹೋಗಿ ಮತ್ತೆ ಟೊರೆಂಟ್ ಮಾತ್ರ ಮಾಡಬೇಡಿ.