ಓಆರ್‌ಎಸ್ ಅಲ್ಲದ ಓಆರ್‌ಎಸ್

ಕೆಂಪು ಬಸ್ಸಿನ ಹಣೆಯ ಮೇಲೆ ಮಾರುದ್ದ ಅಕ್ಷರದಲ್ಲಿ ‘ಧರ್ಮಸ್ಥಳ’ ಎಂದು ಬೋರ್ಡು ಹಾಕಿ, ಹಿಂದಿನ ಚಕ್ರದ ಬಳಿ ಸಣ್ಣದಾಗಿ ‘ಈ ಬಸ್ಸು ಧರ್ಮಸ್ಥಳಕ್ಕೆ ಹೋಗುವುದಿಲ್ಲ’ ಎಂದು ಬರೆದರೆ ಏನಾದೀತು? ಮೊದಲ ಟ್ರಿಪ್ಪಿಗೇ ಕಂಡಕ್ಟರಿಗೆ ಗೂಸಾ ಬೀಳುತ್ತದೆ. ಅದೇ ಕೆಲಸವನ್ನು ಭೇದಿಯಾಗಿ ಸುಸ್ತಾದ ಮಗು ಕುಡಿಯುವ ಡಬ್ಬಿಯ ಮೇಲೆ ಮಾಡಿದರೆ ಮಾತ್ರ ಅದಕ್ಕೊಂದು ಸರ್ಕಾರಿ ಆದೇಶವೇ ಸಿಗುತ್ತದೆ. ಸಿಕ್ಕಿತ್ತು ಕೂಡ. ಮೂರು ವರ್ಷಕ್ಕೂ ಮೇಲ್ಪಟ್ಟು ಬಾಳಿತು.

ನಡೆದದ್ದಿಷ್ಟು. 2022ರ ಏಪ್ರಿಲ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಭೇದಿಯಾದಾಗ ಕುಡಿಸುವ ಉಪ್ಪು-ಗ್ಲುಕೋಸ್ ನೀರಾದ ಓಆರ್‌ಎಸ್ ಹೆಸರು ಹೇಳಿಕೊಂಡು ಜನರ ದಾರಿ ತಪ್ಪಿಸಬೇಡಿ ಎಂದು ಪಾನೀಯದ ಕಂಪನಿಗಳನ್ನು ಗದರಿಕೊಂಡಿತು. ಬೇಸಿಗೆ ಕಳೆಯಿತು, ಮಳೆ ಹಿಡಿಯಿತು, ಮನಸ್ಸೂ ತಣ್ಣಗಾಯಿತೇನೋ. ಜುಲೈ 14ಕ್ಕೆ ಇನ್ನೊಂದು ಆದೇಶ ಬಂತು. ಬ್ರಾಂಡಿನ ಹೆಸರಿನಲ್ಲಿ ಹಿಂದೆಯೋ ಮುಂದೆಯೋ ಬೇರೆ ಅಕ್ಷರ ಸೇರಿಸಿಕೊಂಡು ಓಆರ್‌ಎಸ್ ಎಂದು ಬರೆದುಕೊಳ್ಳಿ, ಅಡ್ಡಿಯಿಲ್ಲ. ಆದರೆ ‘ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಓಆರ್‌ಎಸ್ ಸೂತ್ರವಲ್ಲ’ ಎಂದು ಲೇಬಲ್ಲಿನಲ್ಲಿ ತಿಳಿಸಿಬಿಡಿ. ಜುಲೈ 29 ಓಆರ್‌ಎಸ್ ದಿನ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಉಡುಗೊರೆ ತಲುಪಿಸಿದರು ನೋಡಿ, ಸರ್ಕಾರಿ ಕೆಲಸ ತಡ ಅನ್ನುವವರ ಬಾಯಿಗೆ ಬೀಗ.

1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರುಮಾಡಿದ ರಾಶಿ ನನ್ನ ಹಾಗೆ ಡಾಕ್ಟರೇ. ನಗೆ ಬರೆಯಲು ಅವರು ಪಾಪ ತಲೆ ಖರ್ಚು ಮಾಡಬೇಕಿತ್ತು. ನನಗೆ ಆದೇಶದ ಜೆರಾಕ್ಸ್ ಸಾಕು.

ಆ ಮೂರು ಅಕ್ಷರಕ್ಕೆ ಇಷ್ಟು ಬೆಲೆ ಯಾಕೆ ಬಂತು ಅನ್ನುವುದನ್ನು ಹೇಳಬೇಕು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬಂಗಾಂವ್ ಕ್ಯಾಂಪಿಗೆ ಬಂದು ಬಿದ್ದಾಗ ಕಾಲರಾ ಹಬ್ಬಿತ್ತು, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದುಹೋಗುತ್ತಿತ್ತು. ದಿಲೀಪ್ ಮಹಲನಬೀಸ್ ಎಂಬ ವೈದ್ಯರು ಉಪ್ಪು, ಸೋಡಾ, ಗ್ಲುಕೋಸ್ ಕಲೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಅಲ್ಲಿನ ಸಾವಿನ ಪ್ರಮಾಣ ಶೇ 30ರ ಆಸುಪಾಸಿನಿಂದ ಶೇ 3.6ಕ್ಕೆ ಇಳಿಯಿತು. ಬಹುಶಃ ಈ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಇದೇ ಎಂದು 1978ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ ಬರೆಯಿತು. ಮಹಲನಬೀಸ್ ತೀರಿಕೊಂಡದ್ದು 2022ರ ಅಕ್ಟೋಬರ್‌ನಲ್ಲಿ. ಅವರು ಬದುಕಿರುವಾಗಲೇ, ಸಾವಿಗೆ ಮೂರು ತಿಂಗಳ ಮೊದಲು, ಓಆರ್‌ಎಸ್ ಅಲ್ಲದ ಓಆರ್‌ಎಸ್‌ಗೆ ಕಾನೂನಿನ ಮುದ್ರೆ ಬಿದ್ದಾಗಿತ್ತು. ಮರುವರ್ಷ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು. ಎರಡೂ ಒಂದೇ ಸರ್ಕಾರದ ಕೆಲಸ. ಒಂದು ಕೈ ಕೊಟ್ಟದ್ದು ಇನ್ನೊಂದು ಕೈಗೆ ಗೊತ್ತಾಗಬಾರದು ಅನ್ನುತ್ತಾರಲ್ಲ, ಹಾಗೆ.

ಈಗ ಸಕ್ಕರೆಯ ಲೆಕ್ಕ. ನಿಜವಾದ ಓಆರ್‌ಎಸ್‌ನಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಗ್ಲುಕೋಸ್ ಅಲ್ಲಿರುವುದು ಸಿಹಿಗಲ್ಲ. ಕರುಳಿನಲ್ಲಿ ಅದು ಸೋಡಿಯಂನ ಕೈ ಹಿಡಿದು ಒಳಗೆ ಕರೆದೊಯ್ಯುತ್ತದೆ, ಅವರಿಬ್ಬರ ಹಿಂದೆ ನೀರು ಹೋಗುತ್ತದೆ. ಅಳತೆ ಮೀರಿ ಸಕ್ಕರೆ ಸುರಿದರೆ ವ್ಯವಹಾರ ತಿರುಗಾಮುರುಗಾ: ಮೈಯೊಳಗಿನ ನೀರೇ ಕರುಳಿಗೆ ಇಳಿದು, ಭೇದಿ ಇನ್ನಷ್ಟು ಹೆಚ್ಚುತ್ತದೆ. ಚಂದದ ಡಬ್ಬಿಯ ಪಾನೀಯಗಳಲ್ಲಿ ಲೀಟರಿಗೆ ನೂರು ಗ್ರಾಂ ಮೀರಿ ಸಕ್ಕರೆ ಇರುವುದುಂಟು. ಇವು ಮಾರಾಟವಾಗುವುದು ಮೆಡಿಕಲ್ ಶಾಪಿನಲ್ಲಿ, ಆಸ್ಪತ್ರೆಯ ಫಾರ್ಮಸಿಯಲ್ಲಿ. ಪಡೆದಿರುವ ಲೈಸೆನ್ಸ್ ಮಾತ್ರ ಆಹಾರದ್ದು. ಔಷಧ ಇಲಾಖೆಯವರನ್ನು ಕೇಳಿದರೆ ಅದು ಔಷಧವಲ್ಲ, ನಮಗೆ ಸೇರಿದ್ದಲ್ಲ. ಆಹಾರದವರನ್ನು ಕೇಳಿದರೆ ಲೇಬಲ್ಲಿನಲ್ಲಿ ಬರೆದಿದೆಯಲ್ಲ, ಓದಿಕೊಳ್ಳಿ.

ಓದಿಕೊಳ್ಳಬೇಕಾದವರು ಯಾರು? ನನ್ನ ಕ್ಲಿನಿಕ್ಕಿಗೆ ಬಂದ ಒಬ್ಬ ಅಜ್ಜಿ. ತೊಡೆಯ ಮೇಲೆ ಒಂದೂವರೆ ವರ್ಷದ ಮೊಮ್ಮಗ, ಕಣ್ಣು ಗುಳಿ ಬಿದ್ದಿದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನ ಇಳಿಯುತ್ತಿದೆ. ಅಜ್ಜಿಯ ಚೀಲದಿಂದ ಸ್ಟ್ರಾ ಚುಚ್ಚಿದ ಡಬ್ಬಿ ಹೊರಬಂತು.

“ಓಆರ್‌ಎಸ್ ಕುಡಿಸ್ತಾನೇ ಇದೀವಿ ಡಾಕ್ಟ್ರಮ್ಮ. ಆಪಲ್‌ದು. ಆರೆಂಜ್‌ದು ಕೊಟ್ರೆ ಉಗೀತಾನೆ.”

“ಇದು ಓಆರ್‌ಎಸ್ ಅಲ್ಲ ಅಜ್ಜಿ.”

ಅಜ್ಜಿ ಡಬ್ಬಿ ತಿರುಗಿಸಿ ನೋಡಿದರು, ನನ್ನ ಮುಖ ನೋಡಿದರು. “ಬರ್ದವ್ರಲ್ಲ ತಾಯಿ, ಇಷ್ಟು ದಪ್ಪಕ್ಕೆ. ನಾನು ಓದಿಲ್ಲ ಅಂತ ಹಿಂಗನ್ನಬೇಡಿ.” ಪಕ್ಕದಲ್ಲಿದ್ದ ಸೊಸೆ ಬಿಎಸ್‌ಸಿ ಮಾಡಿದವರು, ಅವರೂ ತಲೆಯಾಡಿಸಿದರು. ಆಶಾ ಕಾರ್ಯಕರ್ತೆ ಮನೆಗೇ ಬಂದು ಪುಕ್ಕಟೆ ಕೊಟ್ಟಿದ್ದ ಪುಡಿ ಪೊಟ್ಟಣ ಏನಾಯಿತು ಎಂದು ಕೇಳಿದೆ. “ಅದಾ? ಗೌರ್ಮೆಂಟ್‌ದು ಅಲ್ವಾ, ಕಪಾಟಲ್ಲಿಟ್ಟಿದೀವಿ.” ಜೊತೆಗೆ ಕೊಟ್ಟಿದ್ದ ಜಿಂಕ್ ಮಾತ್ರೆಯೂ ಅದರ ಪಕ್ಕದಲ್ಲೇ ಕ್ಷೇಮವಾಗಿತ್ತು.

ಹೀಗಾಗಿ ಅಂಕಣ ಬರೆಯುತ್ತೇನೆ, ಮೊಬೈಲ್ ಎದುರು ನಿಂತು ಮೂರು ನಿಮಿಷ ಮಾತಾಡುತ್ತೇನೆ. ಒಂದು ಲೀಟರ್ ಕುದಿಸಿ ಆರಿಸಿದ ನೀರು, ಒಂದು ಪೊಟ್ಟಣ ಪೂರ್ತಿ, ಚಮಚದಲ್ಲಿ ಗುಟುಕು ಗುಟುಕಾಗಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಇದರಲ್ಲಿ ನೋಡುವುದಕ್ಕೆ ಏನಿದೆ, ಹೇಳಿ. ಬಣ್ಣವಿಲ್ಲ, ರುಚಿಯಿಲ್ಲ, ‘ಡಾಕ್ಟರುಗಳು ಮುಚ್ಚಿಟ್ಟ ಸತ್ಯ’ ಇಲ್ಲ. ಅತ್ತ ಯಾವ ಡಿಗ್ರಿಯ ಹಂಗೂ ಇಲ್ಲದ ಮಹಾನುಭಾವರೊಬ್ಬರು ‘ಕರುಳು ತೊಳೆಯುವ ಮ್ಯಾಜಿಕ್ ಜ್ಯೂಸ್’ ಹಿಡಿದು ನಿಂತರೆ ಊರಿಗೆ ಊರೇ ನೋಡುತ್ತದೆ. ನಮಗಾದರೋ ಕಟ್ಟುಪಾಡು. ಡಾಕ್ಟರು ತನ್ನ ಜಾಹೀರಾತು ತಾನೇ ಕೊಟ್ಟುಕೊಳ್ಳಬಾರದೆಂದು 2002ರ ನಿಯಮ. 2023ರ ಆಗಸ್ಟ್‌ನಲ್ಲಿ ವೈದ್ಯಕೀಯ ಆಯೋಗ ಇನ್ನೂ ಮುಂದೆ ಹೋಗಿ, ದುಡ್ಡು ಕೊಟ್ಟು ಲೈಕು, ಫಾಲೋವರ್ಸ್ ಕೊಳ್ಳಬಾರದು ಎಂದೂ ವಿಧಿಸಿತು. ಮೂರು ವಾರದಲ್ಲೇ ಆ ಇಡೀ ನಿಯಮಾವಳಿಯನ್ನು ತಡೆಹಿಡಿಯಿತು, ಅದು ಬೇರೆ ಪುರಾಣ. ನಿಯಮಗಳು ಇರಬೇಕು, ನನ್ನ ತಕರಾರಿಲ್ಲ. ಆದರೆ ನಾನು ನಾಳೆ ‘ಹೃದ್ರೋಗ ತಜ್ಞೆ’ ಎಂದು ಬೋರ್ಡು ಬರೆಸಿ, ಕೆಳಗೆ ‘ಇವರು ಹೃದ್ರೋಗ ತಜ್ಞೆಯಲ್ಲ’ ಎಂದು ಸಣ್ಣಕ್ಷರ ಹಾಕಿಸಿದರೆ ಸಂಜೆಯೊಳಗೆ ಕ್ಲಿನಿಕ್ಕಿಗೆ ಬೀಗ. ಮೊದಲೇ ಗೊತ್ತಿದ್ದರೆ ಎಂಬಿಬಿಎಸ್ ಬದಲು ಸ್ಟ್ರಾ ಇರುವ ಡಬ್ಬಿಯಾಗಿ ಹುಟ್ಟುತ್ತಿದ್ದೆ.

ನಮ್ಮವರ ಮಾತೂ ಬಂತು. ಚೀಟಿಯಲ್ಲಿ ಈ ಡಬ್ಬಿಗಳ ಹೆಸರನ್ನೇ ಬರೆದುಕೊಟ್ಟ ವೈದ್ಯರು ಕಡಿಮೆಯೇನಿಲ್ಲ. ‘ಮಗು ಪುಡಿ ನೀರು ಕುಡಿಯಲ್ಲ, ಇದಾದರೂ ಹೋಗಲಿ’ ಎಂಬುದು ಅವರ ಸಮಜಾಯಿಷಿ.

ಈ ಹೊತ್ತಿನಲ್ಲಿ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಸುಮ್ಮನಿರಲಿಲ್ಲ. ಸುಮಾರು ಎಂಟು ವರ್ಷ ಇದೊಂದನ್ನೇ ಹಿಡಿದು ಕೂತರು. ವಿಡಿಯೊ ಮಾಡಿದರು, ಇಲಾಖೆಗಳಿಗೆ ಬರೆದರು, ತೆಲಂಗಾಣ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಕೊನೆಗೆ 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ತನ್ನ 2022ರ ಅನುಮತಿಯನ್ನೂ ಅದರ ಬೆನ್ನಿಗೆ 2024ರಲ್ಲಿ ಹೊರಡಿಸಿದ್ದ ಆದೇಶವನ್ನೂ ಹಿಂತೆಗೆದುಕೊಂಡು, ಆ ಮೂರಕ್ಷರ ಯಾವ ಪಾನೀಯದ ಹೆಸರಿನಲ್ಲೂ ಕೂಡದು ಎಂದಿತು. ಶಿವರಂಜನಿ ಕ್ಯಾಮೆರಾ ಮುಂದೆಯೇ ಅತ್ತರು. ದೇಶವೆಲ್ಲ ಆ ಅಳುವನ್ನು ನೋಡಿತು. ಎಂಟು ವರ್ಷ ಬಿಡಿಸಿ ಹೇಳಿದ್ದನ್ನು ಅಷ್ಟು ಮಂದಿ ನೋಡಿರಲಿಲ್ಲ. ಆರೋಗ್ಯ ಸಂವಹನ ಕಲಿಯುವ ವಿದ್ಯಾರ್ಥಿಗಳು ಇದನ್ನು ಬರೆದಿಟ್ಟುಕೊಳ್ಳಬಹುದು, ಪರೀಕ್ಷೆಗೆ ಬರುತ್ತದೆ.

ಅಂದಹಾಗೆ, ಓಆರ್‌ಎಸ್ ಅಲ್ಲದ್ದನ್ನು ಓಆರ್‌ಎಸ್ ಅನ್ನಬಾರದು ಎಂಬಷ್ಟು ಸಣ್ಣ ಮಾತನ್ನು ಒಪ್ಪಿಸುವುದಕ್ಕೆ ಎಂಟು ವರ್ಷ. ಎಂಬಿಬಿಎಸ್ ಮುಗಿಸುವುದಕ್ಕೆ ಇಂಟರ್ನ್‌ಶಿಪ್ ಸೇರಿಸಿ ಐದೂವರೆ ವರ್ಷ ಸಾಕು.

ಕಂಪನಿಗಳು ದಿಲ್ಲಿ ಹೈಕೋರ್ಟಿಗೆ ಹೋದವು. ಗೋದಾಮಿನಲ್ಲಿರುವ ಮಾಲಿನ ಗತಿಯೇನು ಎಂಬುದು ದೊಡ್ಡ ಪ್ರಶ್ನೆಯಾಯಿತು. ಮಗುವಿನ ಹೊಟ್ಟೆಯಲ್ಲಿ ಆಗಲೇ ಇದ್ದ ಮಾಲಿನ ಬಗ್ಗೆ ಯಾರೂ ಅಷ್ಟು ಮರುಗಲಿಲ್ಲ. ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್‌ನವರನ್ನು ವಿಚಾರಿಸಿದೆ. “ಹೆಸರು ಚೇಂಜ್ ಆಗಿದೆ ಮೇಡಂ. ಆದ್ರೆ ಬಂದೋರು ಕೇಳೋದು ಓಆರ್‌ಎಸ್ ಅಂತಾನೇ. ಅಭ್ಯಾಸ ನೋಡಿ, ನಮ್ ಕೈಯೂ ಅದೇ ರ‍್ಯಾಕಿಗೆ ಹೋಗುತ್ತೆ.”

ಹೋದ ವಾರ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತ ಚಿಕ್ಕಮ್ಮ ನನ್ನ ಬರಹಗಳನ್ನೆಲ್ಲ ತಪ್ಪದೆ ಓದುವವರು. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ನನ್ನ ಕಡೆ ವಾಲಿದರು.

“ಸಕ್ಕರೆ ಜಾಸ್ತಿಯಾದ್ರೆ ಭೇದಿ ಜಾಸ್ತಿಯಾಗುತ್ತೆ ಅಂತ ಎಷ್ಟು ಚೆನ್ನಾಗಿ ಬಿಡಿಸಿ ಬರ್ದಿದೀಯ ಕಣೇ. ನಿಮ್ಮ ಚಿಕ್ಕಪ್ಪಂಗೂ ಓದಿ ಹೇಳ್ದೆ.”

ನನಗೆ ಹೋಳಿಗೆ ಇಮ್ಮಡಿ ಸಿಹಿಯಾಯಿತು.

“ಅದಕ್ಕೇ ಕೇಳೋಣ ಅಂದ್ಕೊಂಡೆ, ಶುಗರ್-ಫ್ರೀ ಓಆರ್‌ಎಸ್ ಯಾವ ಕಂಪನೀದು ಒಳ್ಳೇದು?”