ಫೈಲು ನಮ್ಮ ಕಂಪ್ಯೂಟರಿನಲ್ಲಿದ್ದರಷ್ಟೇ ಸಾಲದು

ಟಿಪ್ಪಣಿ, ಮನೆಯ ಲೆಕ್ಕ, ಪಾಸ್‌ವರ್ಡ್, ಹಸ್ತಪ್ರತಿಯಂತಹ ಖಾಸಗಿ ಮಾಹಿತಿಯನ್ನು ಬಳಸುವವರ ಕಂಪ್ಯೂಟರಿನಲ್ಲಿಯೇ ಇರಿಸುವ ಡೆಸ್ಕ್‌ಟಾಪ್ ತಂತ್ರಾಂಶಗಳನ್ನು ಒಬ್ಬಿಬ್ಬರೇ ಸ್ವತಂತ್ರವಾಗಿ ರೂಪಿಸುವ ಪರಂಪರೆ ಉಳಿಯಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಆದರೆ ಅಂತಹ ತಂತ್ರಾಂಶವನ್ನು ಆರಿಸಿಕೊಳ್ಳುವಾಗ ಮಾಹಿತಿ ಎಲ್ಲಿದೆ ಎಂದು ಕೇಳುವುದರ ಜೊತೆಗೆ, ಅದನ್ನು ರೂಪಿಸಿದವರು ನಾಳೆ ಕೆಲಸ ನಿಲ್ಲಿಸಿದರೂ ಆ ಮಾಹಿತಿಯನ್ನು ಬೇರೊಂದು ತಂತ್ರಾಂಶದಲ್ಲಿ ತೆರೆದು ಓದಬಹುದೇ ಎಂದೂ ಕೇಳಬೇಕು. ಈ ಎರಡನೆಯ ಪ್ರಶ್ನೆಯ ಮಹತ್ವವನ್ನು ಕನ್ನಡದಲ್ಲಿ ಬರೆಯುವವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಹೊರತಂದಾಗ ಸಾವಿರಾರು ಜನ ಮೊದಲ ಬಾರಿಗೆ ತಮ್ಮ ಕಂಪ್ಯೂಟರಿನಲ್ಲಿ ಕನ್ನಡ ಬರೆದರು. ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಿಗೂ ಡಿಟಿಪಿ ಅಂಗಡಿಗಳಿಗೂ ಹರಡಿತು. ಈ ಎರಡು ತಂತ್ರಾಂಶಗಳಿಗೆ ನಾವು ಋಣಿಗಳು. ಅಂದಿನ ಆ ಫೈಲುಗಳು ಯಾವ ದೂರದ ಸರ್ವರಿನಲ್ಲೂ ಇರಲಿಲ್ಲ, ನಮ್ಮ ಹಾರ್ಡ್ ಡಿಸ್ಕಿನಲ್ಲಿಯೇ ಇದ್ದವು. ಆದರೂ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಎಂಬ ಜಾಗತಿಕ ಪದ್ಧತಿ ಕನ್ನಡದಲ್ಲಿ ಬಳಕೆಗೆ ಬರುವ ಮುಂಚಿನ ಫಾಂಟ್‌ಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದರಿಂದ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಾದಂಬರಿ, ಅದೇ ಪ್ರಬಂಧ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ; ಅದರೊಳಗೆ ಒಂದು ಕನ್ನಡ ಪದವನ್ನು ಹುಡುಕುವುದೂ ಆಗದು. ಸ್ವಯಂಸೇವಕರು ಪರಿವರ್ತಕಗಳನ್ನು ಬರೆದುಕೊಟ್ಟು ದೊಡ್ಡ ಉಪಕಾರ ಮಾಡಿದ್ದಾರೆ, ಆದರೂ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಪಲ್ಲಟಗೊಂಡ ಪುಟಗಳನ್ನು ಇಂದಿಗೂ ಸಾಲು ಸಾಲಾಗಿ ತಿದ್ದಬೇಕಾಗುತ್ತದೆ.

ಮಾಹಿತಿಯನ್ನು ಕಂಪನಿಯ ಸರ್ವರಿನಲ್ಲಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಾಡಬೇಕಾದ ಕೆಲಸಗಳ ಪಟ್ಟಿ ಇಟ್ಟುಕೊಳ್ಳಲು ಬರ್ಲಿನ್ನಿನಲ್ಲಿ ಹುಟ್ಟಿದ ವಂಡರ್‌ಲಿಸ್ಟ್ ಒಂದೇ ಉದಾಹರಣೆ ಸಾಕು: 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು, 2020ರಲ್ಲಿ ಮುಚ್ಚಿತು.

ಎರಡೂ ಪ್ರಶ್ನೆಗಳಿಗೆ ಸರಿಯಾದ ಉತ್ತರ ಕೊಟ್ಟವರಿದ್ದಾರೆ. ಶಿಡಾ ಲಿ ಮತ್ತು ಎರಿಕಾ ಶು ಅವರು ಆರಂಭಿಸಿದ ಅಬ್ಸಿಡಿಯನ್ ನಮ್ಮ ಟಿಪ್ಪಣಿಗಳನ್ನು ಒಂದು ಫೋಲ್ಡರಿನಲ್ಲಿ ಸಾದಾ ಪಠ್ಯದ ಮಾರ್ಕ್‌ಡೌನ್ ಫೈಲುಗಳಾಗಿ ಇಡುತ್ತದೆ, ಅವುಗಳನ್ನು ನೋಟ್‌ಪ್ಯಾಡಿನಲ್ಲಿಯೂ ತೆರೆಯಬಹುದು. ಡಾಮಿನಿಕ್ ರೈಕಲ್ ಅವರು 2003ರಲ್ಲಿ ಹೊರತಂದ ಕೀಪಾಸ್ ಎಲ್ಲ ಪಾಸ್‌ವರ್ಡ್‌ಗಳನ್ನು ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪೀಕರಿಸಿದ ಒಂದೇ ಫೈಲಿನಲ್ಲಿ ಇಡುತ್ತದೆ, ಮತ್ತು ಆ ಫೈಲನ್ನು ಬೇರೆಯವರು ಬರೆದ ಕೀಪಾಸ್‌ಎಕ್ಸ್‌ಸಿಯಂತಹ ತಂತ್ರಾಂಶಗಳೂ ಓದುತ್ತವೆ. ನನಗೆ ಎಲ್ಲಕ್ಕಿಂತ ಹೆಚ್ಚು ಗೌರವವಿರುವುದು ಬೇರೆ ತಂತ್ರಾಂಶಗಳು ತಮ್ಮ ಮಾಹಿತಿಯನ್ನು ಒಂದು ಫೈಲಿನಲ್ಲಿ ಇಡಲು ಬಳಸುವ ಎಸ್‌ಕ್ಯುಲೈಟ್ ಬಗ್ಗೆ. ರಿಚರ್ಡ್ ಹಿಪ್ ಅವರು 2000ದಲ್ಲಿ ಆರಂಭಿಸಿ, ಇಂದಿಗೂ ಚಿಕ್ಕದೊಂದು ತಂಡವೇ ನಡೆಸುತ್ತಿರುವ ಈ ದತ್ತಸಂಚಯವು ಯಾರ ಸ್ವತ್ತೂ ಅಲ್ಲದಂತೆ ಸಾರ್ವಜನಿಕರಿಗೆ ಮುಕ್ತವಾಗಿದೆ. 2050ರವರೆಗೆ ಅದನ್ನು ನೋಡಿಕೊಳ್ಳುವ ಉದ್ದೇಶವಿದೆಯೆಂದು ತಂಡ ಪ್ರಕಟಿಸಿದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದತ್ತಾಂಶವನ್ನು ದೀರ್ಘಕಾಲ ಕಾಪಿಡಲು ಶಿಫಾರಸು ಮಾಡುವ ರೂಪಗಳಲ್ಲಿ ಇದೂ ಒಂದು. ಸಣ್ಣ ತಂತ್ರಾಂಶ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ತಳಪಾಯ ನನಗೆ ಗೊತ್ತಿಲ್ಲ.

ಇಂತಹ ಕೆಲಸಕ್ಕೆ ಹಣ ಎಲ್ಲಿಂದ ಬರಬೇಕು ಎಂಬುದು ಕಷ್ಟದ ಮಾತು. ಸರ್ವರಿನ ಖರ್ಚಿಲ್ಲವೆಂದು ನಾವು ಬೆಲೆಯೇ ಬೇಡವೆನ್ನುತ್ತೇವೆ. ಆದರೆ ಮ್ಯಾಕ್‌ನಲ್ಲಿ ಎಚ್ಚರಿಕೆಯ ಅಡ್ಡಿಯಿಲ್ಲದೆ ತಂತ್ರಾಂಶ ತೆರೆದುಕೊಳ್ಳಬೇಕಾದರೆ ಅದನ್ನು ಬರೆದವರು ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ವಿಂಡೋಸ್‌ನಲ್ಲಿ ಪರಿಚಯವಿಲ್ಲದ ತಯಾರಕರ ತಂತ್ರಾಂಶವನ್ನು ತೆರೆಯಹೊರಟವರಿಗೆ ಮೊದಲು ಎದುರಾಗುವುದೇ ಅಪಾಯವಿರಬಹುದೆಂಬ ಸೂಚನೆ. ಬಳಸುವವರ ಮಾಹಿತಿಯನ್ನು ಸಂಗ್ರಹಿಸದವರಿಗೆ ಅದನ್ನು ಜಾಹೀರಾತಿಗೆ ಮಾರುವ ದಾರಿಯೂ ಇಲ್ಲ. ಅಬ್ಸಿಡಿಯನ್ ಹಲವು ಸಾಧನಗಳಲ್ಲಿ ಟಿಪ್ಪಣಿಗಳು ಒಂದೇ ಆಗಿರುವಂತೆ ಹೊಂದಿಸುವ ಐಚ್ಛಿಕ ಸೇವೆಗೆ ಹಣ ಪಡೆಯುತ್ತದೆ, ಮತ್ತು ಆ ಸೇವೆಯಲ್ಲಿಯೂ ಟಿಪ್ಪಣಿಗಳನ್ನು ಕಂಪನಿಯೇ ಓದಲಾಗದಂತೆ ಗೂಢಲಿಪೀಕರಿಸಬಹುದು. ಇದು ನ್ಯಾಯವಾದ ಕ್ರಮವೆಂದು ನನಗನ್ನಿಸುತ್ತದೆ. ಅದನ್ನು ಬೇಡವೆನ್ನುವವರು ತಮ್ಮ ಫೈಲುಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಇಡುವ ಹೊಣೆಯನ್ನು ತಾವೇ ಹೊರಬೇಕಾಗುತ್ತದೆ. ಡಿಸ್ಕ್ ಕೆಟ್ಟರೆ ಮರಳಿಸಿಕೊಡಲು ಬೇರೆ ಯಾರೂ ಇರುವುದಿಲ್ಲ.

ಕನ್ನಡದಲ್ಲಿ ನಿಘಂಟು, ಲೆಕ್ಕಪತ್ರ, ಬರವಣಿಗೆಯ ತಂತ್ರಾಂಶಗಳನ್ನು ರೂಪಿಸುತ್ತಿರುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಡೌನ್‌ಲೋಡ್ ಪುಟದಲ್ಲಿ ಬೆಲೆಯನ್ನು ಸಂಕೋಚವಿಲ್ಲದೆ ಬರೆಯಿರಿ. ಅದರ ಪಕ್ಕದಲ್ಲಿಯೇ ನಮ್ಮ ಫೈಲು ಯಾವ ಫೋಲ್ಡರಿನಲ್ಲಿ, ಯಾವ ರೂಪದಲ್ಲಿ ಉಳಿಯುತ್ತದೆ, ಯೂನಿಕೋಡ್ ಪಠ್ಯವಾಗಿ ಅದನ್ನು ಹೊರತೆಗೆಯುವುದು ಹೇಗೆ ಎಂಬುದನ್ನೂ ಬರೆಯಿರಿ.